ಬಾಗಿಲ ಆಚೆ ಫೋನ್ ರಿಂಗಾಗುತ್ತಿತ್ತು

2025ರ ಯುಗಾದಿ ಭಾನುವಾರ ಬಂದಿತ್ತು, ಮಾರ್ಚ್ 30ಕ್ಕೆ. ಜರ್ಮನಿಯ ಎರ್ಲಾಂಗೆನ್ ಊರಿಗೆ ಬಂದು ನನಗೆ ಆಗ ಏಳು ತಿಂಗಳು. ಹಬ್ಬದ ದಿನವೇ ರಜೆ ಸಿಕ್ಕಿತಲ್ಲ ಅಂತ ಖುಷಿಯೋ ಖುಷಿ. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಂಡೆ. ಕಡಲೆಬೇಳೆ ಬೇಯಿಸಿ ಹೂರಣ ಮಾಡಿದೆ, ಬಸಿದ ಕಟ್ಟಿನಲ್ಲಿ ಸಾರು ಕುದಿಸಿದೆ. ನಮ್ಮ ಧಾರವಾಡದ ಕಡೆ ಯುಗಾದಿಗೆ ಬೇವು ಕುಡಿಯುತ್ತಾರೆ. ಬೆಲ್ಲದ ನೀರು, ಪುಟಾಣಿ ಹಿಟ್ಟು, ಮಾವಿನಕಾಯಿ, ಬೇವಿನ ಹೂ. ಹೊರಡುವಾಗ ಗೆಳತಿ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ ಒಣ ಬೇವಿನ ಹೂವನ್ನು ಅಷ್ಟು ದಿನ ಜೋಪಾನವಾಗಿ ಇಟ್ಟಿದ್ದೆ. ಅದನ್ನೇ ಬಿಚ್ಚಿ ಹಾಕಿದೆ.

ಹೋಳಿಗೆ ಮೊದಲೆರಡು ಹರಿದವು. ಆಮೇಲಿನವು ಚೆನ್ನಾಗಿ ಬಂದವು. ಯಾವಾಗ ಅವರಿಗೆ ತೋರಿಸುತ್ತೇನೋ ಅಂತ ಕಾಯುತ್ತಿದ್ದೆ.

ಅವರು ಅಂದರೆ ನನ್ನ ಇಬ್ಬರು ಗೆಳತಿಯರು. ಧಾರವಾಡದಲ್ಲೇ ಒಬ್ಬಳ ಮನೆ ಮಾಳಮಡ್ಡಿ, ಇನ್ನೊಬ್ಬಳದು ಸಪ್ತಾಪುರ. ಪ್ರತಿ ಭಾನುವಾರ ಅಲ್ಲಿಯ ರಾತ್ರಿ ಎಂಟಕ್ಕೆ ಇಬ್ಬರೂ ಒಂದೇ ಕಡೆ ಕೂತು ವಿಡಿಯೊ ಕಾಲ್ ಮಾಡುತ್ತಾರೆ. ಚಳಿಗಾಲ ಪೂರ್ತಿ ಅದು ಇಲ್ಲಿ ಮಧ್ಯಾಹ್ನ ಮೂರೂವರೆಗೆ ಬರುತ್ತಿತ್ತು.

ಅವತ್ತು ಮೂರೂವರೆ ಆಯಿತು. ಬರಲಿಲ್ಲ. ಮೂರೂ ಮುಕ್ಕಾಲು, ನಾಲ್ಕು, ನಾಲ್ಕೂ ಕಾಲು. ನಾನೇ ಮಾಡಬಹುದಿತ್ತು. ಆದರೆ ಹಬ್ಬದ ದಿನ ಅವರೇ ಮಾಡಲಿ ಅಂತ ಹಟ. ಮನೆ ತುಂಬ ನೆಂಟರು ಬಂದಿರಬೇಕು, ನನ್ನ ನೆನಪು ಯಾರಿಗೆ ಬರುತ್ತದೆ ಅಂದುಕೊಂಡೆ. ಊರಲ್ಲಿದ್ದಾಗ ಹೀಗೆ ಯೋಚಿಸಿದ್ದೇ ಇಲ್ಲ. ಇಬ್ಬರಲ್ಲಿ ಒಬ್ಬಳು ಬರಲಿಲ್ಲ ಅಂದರೆ ಸ್ಕೂಟಿ ತಗೊಂಡು ಹೋಗಿ ನೋಡುತ್ತಿದ್ದೆ. ಕರೆಂಟ್ ಹೋಗಿರುತ್ತಿತ್ತು, ಇಲ್ಲ ಅವಳ ಅಮ್ಮನ ಮಂಡಿನೋವು ಜಾಸ್ತಿ ಆಗಿರುತ್ತಿತ್ತು. ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ದೂರ ಇದ್ದಾಗ ಹೋಗಿ ನೋಡೋಕೆ ಆಗಲ್ಲ ಅಲ್ವಾ? ಅರ್ಧ ತಾಸು ಫೋನ್ ಬರದಿದ್ದರೆ ಮನಸ್ಸು ಏನೇನೋ ಕಟ್ಟಿಕೊಳ್ಳುತ್ತದೆ.

ಸುಮ್ನೆ ಕೂರಲಾಗದೆ ಮಾವಿನಕಾಯಿ ಸಿಪ್ಪೆಯ ಚೀಲ ತಗೊಂಡು ಅಂಗಳದ ಕಸದ ಡಬ್ಬಿಗೆ ಹಾಕಲು ಇಳಿದೆ. ಫೋನ್ ಮೇಜಿನ ಮೇಲೆ. ಕೀ ಒಳಗಿನ ಗೂಟದಲ್ಲಿ. ಎರಡನೇ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದೆ ಧಪ್ ಅಂತ ಸದ್ದಾಯಿತು. ಅಡುಗೆಮನೆಯ ಕಿಟಕಿ ತೆರೆದಿಟ್ಟಿದ್ದೆ, ಗಾಳಿಗೆ ಬಾಗಿಲು ಹಾಕಿಕೊಂಡಿತು. ಇಲ್ಲಿನ ಬಾಗಿಲುಗಳಿಗೆ ಹೊರಗಡೆ ತಿರುಗದ ಗುಬುಟು ಇರುತ್ತದೆ. ಒಮ್ಮೆ ಹಾಕಿಕೊಂಡರೆ ಕೀ ಇಲ್ಲದೆ ತೆಗೆಯುವ ಹಾಗಿಲ್ಲ.

ಮನೆಯ ಚಪ್ಪಲಿ, ಹಬ್ಬದ ಸೀರೆ, ಕೈಯಲ್ಲಿ ಸಿಪ್ಪೆಯ ಚೀಲ. ಹಾಗೇ ನಿಂತಿದ್ದೆ. ಆಗ ಒಳಗೆ ಫೋನ್ ರಿಂಗಾಯಿತು.

ಬಾಗಿಲಿಗೆ ಕಿವಿ ಕೊಟ್ಟು ಕೇಳಿದೆ. ಮರದ ಮೇಜಿನ ಮೇಲೆ ನಡುಗುವ ಸದ್ದೂ ಕೇಳುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು. ನಾಲ್ಕು ಹೆಜ್ಜೆ ದೂರ, ಎತ್ತೋಕೆ ಆಗುತ್ತಿಲ್ಲ. ಮೂರನೇ ಸಲ ಬರುವಷ್ಟರಲ್ಲಿ ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ.

ಎದುರುಮನೆಯ ಅಜ್ಜಿ ಬಾಗಿಲು ತೆಗೆದರು. ಏಳು ತಿಂಗಳಲ್ಲಿ ಅವರ ಜೊತೆ ನಮಸ್ಕಾರ ಬಿಟ್ಟು ಬೇರೆ ಮಾತಾಡಿರಲಿಲ್ಲ. ನನ್ನ ಅರೆಬರೆ ಜರ್ಮನ್‌ನಲ್ಲಿ ಹೇಳಿದೆ. ಅವರು ಮೊದಲು ಕೇಳಿದ್ದು, 'ನಿನ್ನ ಇನ್ನೊಂದು ಕೀ ಯಾರ ಹತ್ತಿರ ಇದೆ?'

ಯಾರ ಹತ್ತಿರವೂ ಇರಲಿಲ್ಲ. ಧಾರವಾಡದಲ್ಲಿ ನಮ್ಮ ಮನೆಯ ಇನ್ನೊಂದು ಕೀ ಮಾಳಮಡ್ಡಿಯ ಗೆಳತಿಯ ಮನೆಯಲ್ಲಿ, ಕ್ಯಾಲೆಂಡರಿನ ಮೊಳೆಗೆ ವರ್ಷಗಟ್ಟಲೆ ನೇತಾಡುತ್ತಿತ್ತು. ಇಲ್ಲಿ ಅದು ನನ್ನದೇ ಡ್ರಾಯರಿನಲ್ಲಿ, ಬಾಗಿಲ ಆಚೆ.

ಭಾನುವಾರ ಬೀಗ ತೆಗೆಯುವವರು ಜಾಸ್ತಿ ದುಡ್ಡು ಕೇಳುತ್ತಾರೆ, ಬೇಡ ಅಂದರು ಅಜ್ಜಿ. ಮಗನಿಗೆ ಫೋನ್ ಮಾಡಿ, ಕಾಫಿ ಕೊಟ್ಟರು. ಅವರ ಅಡುಗೆಮನೆಯ ಗೋಡೆ ಗಡಿಯಾರದಲ್ಲಿ ಮೂರೂ ನಲವತ್ತು. ಅದು ಒಂದು ತಾಸು ಹಿಂದೆ ಇದೆ, ನಿನ್ನೆ ರಾತ್ರಿ ಬೇಸಿಗೆ ಸಮಯ ಶುರುವಾಯಿತಲ್ಲ, ಸ್ಟೂಲ್ ಹತ್ತಿ ತಿರುಗಿಸಲು ನನಗಾಗಲ್ಲ ಅಂದರು.

ಎದೆ ಧಸಕ್ಕೆಂದಿತು. ಮಾರ್ಚಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ. ನನ್ನ ಫೋನ್ ತಾನೇ ಬದಲಿಸಿಕೊಂಡಿತ್ತು. ನಾನು ಮೂರೂವರೆ ಅಂತ ಕಾದು ಕೂತಾಗ ಧಾರವಾಡದಲ್ಲಿ ಇನ್ನೂ ಏಳು. ಅವರು ಸರಿಯಾಗಿ ಎಂಟಕ್ಕೇ ಮಾಡಿದ್ದರು. ನಾನು ಆ ಒಂದು ತಾಸು ಸುಮ್ಮನೆ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಅಜ್ಜಿಯ ಮಗ ಸೈಕಲ್ಲಿನಲ್ಲಿ ಬಂದ. ಜ್ಯೂಸ್ ಬಾಟಲಿಯನ್ನು ಕತ್ತರಿಸಿ ಅಂಗೈ ಅಗಲದ ಪ್ಲಾಸ್ಟಿಕ್ ಪಟ್ಟಿ ಮಾಡಿಕೊಂಡ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಮೇಲಿಂದ ತೂರಿಸಿ, ಮಂಡಿಯಿಂದ ಬಾಗಿಲು ಒತ್ತುತ್ತಾ, ಪಟ್ಟಿಯನ್ನು ಅಲುಗಿಸುತ್ತಾ ಕೆಳಗೆ ತಂದ. ಚಿಲಕದ ನಾಲಿಗೆ ಒಳಗೆ ಸರಿದು ಟಕ್ ಅಂತು.

ಓಡಿ ಹೋಗಿ ಫೋನ್ ತಗೊಂಡೆ. ಹನ್ನೊಂದು ಮಿಸ್ಡ್ ಕಾಲ್. ವಾಪಸ್ ಮಾಡಿದೆ. ಮಾಳಮಡ್ಡಿಯವಳು ಒಂದೇ ರಿಂಗಿಗೆ ಎತ್ತಿದಳು.

'ಎಲ್ಲಿ ಹೋಗಿದ್ದಿ ಲೇ? ಇಲ್ಲೆ ನಮಗ ಎದಿ ಡವಡವ ಅನ್ನಾಕತ್ತಿತ್ತು!'

ಸಿಟ್ಟಾಗಿದ್ದೆ ಅಂತ ಹೇಳಿಬಿಟ್ಟೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಸಪ್ತಾಪುರದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇನ್ನ ಮುಂದ ಸಿಟ್ಟ ಬಂದ್ರ ಫೋನ್ ಮಾಡಿ ಬೈಯಿ. ಒಬ್ಬಾಕೇ ಕೂತು ಅಳಬ್ಯಾಡ' ಅಂದಳು. ಆಮೇಲೆ ಹೋಳಿಗೆ ತೋರಿಸು ಅಂದರು. ತೋರಿಸಿದೆ. ಹರಿದವನ್ನೂ ತೋರಿಸಿದೆ.

ಮಾರನೇ ದಿನ ಸಂಜೆ ನಾಲ್ಕು ಹೋಳಿಗೆ ಮತ್ತು ಡ್ರಾಯರಿನಲ್ಲಿದ್ದ ಕೀ ತಗೊಂಡು ಅಜ್ಜಿಯ ಮನೆಗೆ ಹೋದೆ. ಅವರು ಒಂದು ಚೀಟಿ ಹುಡುಕಿ, ಅಕ್ಷರ ಒಂದೊಂದಾಗಿ ಕೇಳಿ ನನ್ನ ಹೆಸರು ಬರೆದು ಕೀಗೆ ಕಟ್ಟಿದರು. ನಾನು ಹೊರಡುವಾಗ ತಡೆದು, ಒಳಗೆ ಹೋಗಿ ತಮ್ಮ ಮನೆಯದೂ ಒಂದು ಕೀ ತಂದು ನನ್ನ ಕೈಗಿಟ್ಟರು.

ಅದನ್ನು ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ಹಾಕಿದೆ. ಮುಂದಿನ ಭಾನುವಾರ ನಾಲ್ಕೂವರೆಗೆ ಫೋನ್ ಬಂದಾಗ ಇಬ್ಬರಿಗೂ ಮೊದಲು ತೋರಿಸಿದ್ದು ಅದನ್ನೇ.