ಒಣಗಿದ ಟವೆಲ್

ಕೊಲೆ ಮಾಡಿದ್ದು ಯಾರು ಅಂತ ನನಗೆ ಹನ್ನೆರಡನೇ ಪುಟದಲ್ಲೇ ಗೊತ್ತಾಯಿತು. ಕಾದಂಬರಿ ಬರೆದವರು ಹೇಳಿದ್ದಲ್ಲ. ನನಗಿಂತ ಮೊದಲು ಅದನ್ನು ಮಡಿಕೇರಿಯ ಲೈಬ್ರರಿಯಿಂದ ಒಯ್ದಿದ್ದ ಯಾರೋ ಪುಣ್ಯಾತ್ಮರು, ಅಡುಗೆಯವನ ಹೆಸರು ಮೊದಲ ಸಲ ಬರುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಇವನೇ’ ಎಂದು ಬರೆದಿದ್ದರು. ಅಕ್ಷರ ಮುದ್ದಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಕಾದಂಬರಿಯ ಹೆಸರು ಇಲ್ಲಿ ಹೇಳೋದಿಲ್ಲ. ಹೇಳಿದರೆ ನಾನೂ ಆ ಪೆನ್ಸಿಲಿನವರ ಗುಂಪಿಗೇ ಸೇರಿಬಿಡುತ್ತೇನೆ. ಕಥೆ ಸುಮಾರಾಗಿ ಹೀಗಿದೆ. ಮಲೆನಾಡಿನ ಒಂದು ಊರು. ದೊಡ್ಡ ಮನೆಯ ಯಜಮಾನರು ಮಳೆಗಾಲದ ಒಂದು ರಾತ್ರಿ ಕೊಲೆಯಾಗಿದ್ದಾರೆ. ಅಡುಗೆಯವನಿಗೆ ಜೀವಾವಧಿ ಶಿಕ್ಷೆಯಾಗಿ, ಅವನು ಜೈಲು ಸೇರಿ ಹನ್ನೊಂದು ವರ್ಷ. ಹೊಸದಾಗಿ ಕರಿ ಕೋಟು ಹಾಕಿದ ಒಬ್ಬ ಹುಡುಗಿ ಆ ಹಳೇ ಕಡತ ಬಿಚ್ಚಿ ಕೂರುತ್ತಾಳೆ. ಅವನು ನಿಜವಾಗಿ ಕೊಂದಿದ್ದನಾ ಇಲ್ಲವಾ ಅನ್ನೋದೇ ಮುನ್ನೂರು ಪುಟ.

ನಾನು ಓದೋಕೆ ಶುರು ಮಾಡಿದ್ದು ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಶುರುವಾಗುವ ನಮ್ಮ ಕೊಡಗಿನ ಮಳೆ ತಿಂಗಳಲ್ಲಿ. ಮಾದಾಪುರದ ಕಡೆ ಆ ತಿಂಗಳು ಮಳೆ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಕರೆಂಟು ಹೋಗಿ ಮೂರು ದಿನ ಆಗಿತ್ತು. ಮೊಬೈಲು ಸತ್ತಿತ್ತು. ತೋಟಕ್ಕೆ ಕಾಲಿಟ್ಟರೆ ಜಿಗಣೆ. ಮೂರು ಎಕರೆ ರೋಬಸ್ಟಾ ತನ್ನಷ್ಟಕ್ಕೆ ನೆನೆಯುತ್ತಾ ನಿಂತಿತ್ತು, ನಾನು ಒಲೆ ಪಕ್ಕ ಬೆಲ್ಲದ ಕಾಫಿ ಇಟ್ಟುಕೊಂಡು ಚಾರ್ಜಿಂಗ್ ಟಾರ್ಚಿನ ಬೆಳಕಲ್ಲಿ ಪುಟ ತಿರುಗಿಸುತ್ತಿದ್ದೆ. ಕಣಿಲೆ, ಅಂದರೆ ಎಳೆ ಬಿದಿರು, ನೆನೆಸಿದ ನೀರು ಬದಲಾಯಿಸೋದು ಎರಡು ಸಲ ಮರೆತುಹೋಯಿತು. ಮನೆಯಲ್ಲಿ ಅದಕ್ಕೂ ಮಾತು ಕೇಳಿದೆ.

ಆ ‘ಇವನೇ’ ಮಾಡಿದ ಕೆಲಸ ನೋಡಿ. ಅಡುಗೆಯವನು ಬೆಳಿಗ್ಗೆ ಬೇಗ ಎದ್ದ, ನನಗೆ ಅನುಮಾನ. ಪೊಲೀಸರು ಬಂದಾಗ ಕೈ ನಡುಗಿತು, ಇನ್ನೂ ಅನುಮಾನ. ಯಜಮಾನರ ಹೆಣದ ಮುಂದೆ ಅವನು ಅಳಲಿಲ್ಲ ಅಂತ ಬಂದಾಗ, ಆಹಾ ಸಿಕ್ಕಿಬಿದ್ದ ಅಂದುಕೊಂಡೆ. ನಮ್ಮ ಅಪ್ಪ ಹೋದಾಗ ನಾನೂ ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಮಾಡಿಕೊಡುತ್ತಿದ್ದೆ. ಅದು ನೆನಪಾಗಿದ್ದು ಎಷ್ಟೋ ಪುಟ ದಾಟಿದ ಮೇಲೆ.

ಕೊಲೆ ಕೋವಿಯಿಂದ ಆಗಿಲ್ಲ ಅನ್ನೋದು ನನಗೆ ಹಿಡಿಸಿತು. ಪತ್ತೇದಾರಿ ಕಥೆಗಳಲ್ಲಿ ಗೋಡೆ ಮೇಲೆ ಒಂದು ಕೋವಿ ನೇತುಹಾಕಿ ಓದುವವರನ್ನು ಹೆದರಿಸೋದು ಹಳೇ ಉಪಾಯ. ನಮ್ಮ ಜಿಲ್ಲೆಯಲ್ಲಿ ಅದು ನಡೆಯಲ್ಲ. ಕೊಡವರಿಗೂ ಜಮ್ಮಾ ಅನ್ನೋ ಹಳೇ ವಂಶಪಾರಂಪರ್ಯ ಭೂಮಿಯವರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಕೈಲ್‌ಪೊಳ್ದ್ ಅನ್ನೋ ಆಯುಧದ ಹಬ್ಬದ ದಿನ ಅದರ ಬಾಯಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೋವಿ ನೋಡಿ ಯಾರು ಹೆದರಬೇಕು? ಇರಲಿ, ಇಲ್ಲಿ ಕೊಲೆ ಆಗಿದ್ದು ಕತ್ತಿಯಿಂದ.

ನೂರ ನಲವತ್ತಮೂರನೇ ಪುಟದಲ್ಲಿ ಮಹಜರಿನ ನಕಲು ಬರುತ್ತೆ. ‘ಆರೋಪಿಯು ತೋರಿಸಿಕೊಟ್ಟಂತೆ, ಅಡುಗೆಮನೆಯ ಹಿಂಬದಿಯ ತಂತಿಯ ಮೇಲಿದ್ದ, ಒಣಗಿದ, ರಕ್ತದ ಕಲೆಗಳುಳ್ಳ ಬಿಳಿ ಟವೆಲ್ ಒಂದು.’ ಕೆಳಗೆ ಇಬ್ಬರು ಪಂಚರ, ಅಂದರೆ ಮಹಜರಿನ ಸಾಕ್ಷಿಗಳ, ಸಹಿ. ತಾರೀಖು ಜುಲೈ 19.

ನಾನು ತಲೆ ಎತ್ತಿ ನಮ್ಮ ಒಲೆಯ ಮೇಲೆ ನೋಡಿದೆ. ಮಗಳ ಯೂನಿಫಾರ್ಮು, ಇವರ ಎರಡು ಪಂಚೆ, ಮಾವನ ಬನಿಯನ್ನು, ಎಲ್ಲ ಹಗ್ಗದ ಮೇಲೆ ಹೊಗೆ ಕುಡಿಯುತ್ತಾ ನೇತಾಡುತ್ತಿದ್ದವು. ಸೋಮವಾರ ಒಗೆದಿದ್ದು. ಅವತ್ತು ಗುರುವಾರ. ಬನಿಯನ್ ಹಿಂಡಿದರೆ ಇನ್ನೂ ಎರಡು ಹನಿ ಬರುತ್ತಿತ್ತು. ಯೂನಿಫಾರ್ಮಿಗೆ ಹೊಗೆ ವಾಸನೆ ಅಂತ ಮಗಳು ದಿನಾ ಜಗಳ ಮಾಡುತ್ತಾಳೆ. ಜುಲೈ 19ಕ್ಕೆ, ಹೊರಗಿನ ತಂತಿ ಮೇಲೆ, ಒಣಗಿದ ಟವೆಲ್? ಎರಡನೇ ಅಧ್ಯಾಯಕ್ಕೆ ಹಿಂದೆ ಹೋಗಿ ನೋಡಿದೆ. ‘ನಾಲ್ಕು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆ’ ಅಂತ ಅವರೇ ಬರೆದಿದ್ದಾರೆ. ಆ ಟವೆಲ್ ಬೇರೆಲ್ಲೋ ಒಣಗಿ, ಆಮೇಲೆ ಅಲ್ಲಿಗೆ ಬಂದಿರಬೇಕು. ಯಾರೋ ತಂದಿರಬೇಕು. ಒಬ್ಬಳೇ ಕೂತು ‘ಅಯ್ಯೋ’ ಅಂದೆ. ಮಾವ ಮೂಲೆಯಿಂದ ‘ಏನಮ್ಮ, ಹಾಲು ಉಕ್ಕಿತಾ?’ ಅಂದರು.

ಅಲ್ಲಿಂದ ಮುಂದೆ ನಾನು ಓದಿದ್ದು ಆ ವಕೀಲೆಗೆ ಇದು ಯಾವಾಗ ಹೊಳೆಯುತ್ತೆ ಅಂತ ಕಾಯೋದಕ್ಕೆ. ಅವಳು ಪಂಚರನ್ನು ಹುಡುಕಿಕೊಂಡು ಹೋದಳು. ಒಬ್ಬ ಸತ್ತಿದ್ದ, ಇನ್ನೊಬ್ಬ ಬಾಗಿಲು ತೆಗೆಯಲಿಲ್ಲ. ಫೋನು ಮಾಡಿ ಕಟ್ ಮಾಡುವ ಹೆಂಗಸೊಬ್ಬಳು ಬಂದಳು. ಯಜಮಾನರ ತಮ್ಮನ ಕಾರಿನ ಡಿಕ್ಕಿಯ ಬೀಗ ಬಂತು. ಅಲ್ಲಿ ನಾನು ಉಸಿರು ಬಿಗಿಹಿಡಿದಿದ್ದೆ, ಒಪ್ಪಿಕೊಳ್ಳುತ್ತೇನೆ. ಆದರೆ ಟವೆಲ್ಲಿನ ಹತ್ತಿರ ಅವಳು ಬರಲೇ ಇಲ್ಲ.

ಕರೆಂಟು ಬಂದ ದಿನ ತಂಗಿಯ ಮಗಳಿಗೆ ಫೋನು ಮಾಡಿದೆ. ಅವಳು ಮಡಿಕೇರಿಯಲ್ಲಿ ವಕೀಲಿ ಮಾಡುತ್ತಾಳೆ. ಒಂದು ಟವೆಲ್ಲಿನ ಮೇಲೆ ಜೀವಾವಧಿ ಕೊಡ್ತಾರೇನೇ ಅಂತ ಕೇಳಿದೆ.

‘ಟವೆಲ್ಲಿನ ಮೇಲಲ್ಲ ದೊಡ್ಡಮ್ಮ, ಮಹಜರಿನ ಮೇಲೆ’ ಅಂದಳು. ಪೊಲೀಸರ ಮುಂದೆ ‘ನಾನೇ ಕೊಂದೆ’ ಅಂತ ಹೇಳಿದ್ದನ್ನು ಕೋರ್ಟು ಸಾಕ್ಷಿಯಾಗಿ ತೆಗೆದುಕೊಳ್ಳೋದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಹಾಗಿತ್ತು, 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಆದರೆ ಆರೋಪಿ ‘ಇಂಥ ಕಡೆ ಇಟ್ಟಿದ್ದೀನಿ’ ಅಂತ ಹೇಳಿ, ಆ ವಸ್ತು ಅಲ್ಲೇ ಸಿಕ್ಕರೆ, ಆ ಮಾತಿನಲ್ಲಿ ಅಷ್ಟು ಭಾಗ ನಡೆಯುತ್ತೆ. ಅಲ್ಲೇ ಸಿಕ್ಕಿತು ಅನ್ನೋದಕ್ಕೆ ಯಾರು ಹೊಣೆ? ಸಹಿ ಹಾಕಿದ ಆ ಇಬ್ಬರು.

ಕಣ್ಣಾರೆ ಕಂಡವರು ಇಲ್ಲದ ಕೇಸುಗಳಿಗೆ 1984ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಇದೆ ಅಂತಲೂ ಹೇಳಿದಳು. ಪುಣೆಯ ಕೇಸು. ಕೆಳಗಿನ ಕೋರ್ಟು ಗಲ್ಲು ಅಂದಿತ್ತು, ಹೈಕೋರ್ಟು ಸರಿ ಅಂದಿತ್ತು, ಸುಪ್ರೀಂ ಕೋರ್ಟು ಬಿಟ್ಟು ಕಳಿಸಿತು. ಆ ತೀರ್ಪಿನಲ್ಲಿ ಐದು ಸೂತ್ರಗಳಿವೆಯಂತೆ. ನನಗೆ ನೆನಪಿನಲ್ಲಿ ಉಳಿದದ್ದು ಒಂದೇ. ಮಾಡಿರಬಹುದು ಅಂದರೆ ಸಾಲದು, ಮಾಡಿರಲೇಬೇಕು ಅನ್ನುವಷ್ಟು ಇರಬೇಕು.

‘ಕಥೆ ಯಾಕೆ ದೊಡ್ಡಮ್ಮ, ನಮ್ಮ ಜಿಲ್ಲೆಯಲ್ಲೇ ಆಯಿತಲ್ಲ’ ಅಂದಳು. ನಿಜ. ಹೆಂಡತಿಯನ್ನು ಕೊಂದ ಆರೋಪ ಹೊತ್ತು ಒಬ್ಬರು ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದರು. 2025ರ ಏಪ್ರಿಲಿನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದರು. ಮೈಸೂರಿನ ಕೋರ್ಟು ಗಂಡನನ್ನು ಬಿಡುಗಡೆ ಮಾಡಿತು. ಹೆಂಡತಿಯದ್ದು ಅಂತ ಹೇಳಿದ್ದ ಮೂಳೆಗಳ ಡಿಎನ್‌ಎ ಅದಕ್ಕೂ ಮೊದಲೇ ಹೊಂದಿರಲಿಲ್ಲ. ಕಾದಂಬರಿಯಲ್ಲಿ ಹೀಗೆ ಬರೆದಿದ್ದರೆ ‘ಇದೆಲ್ಲ ಎಲ್ಲಿ ನಡೆಯುತ್ತೆ, ಸುಮ್ನೆ ಬರೀತಾರೆ’ ಅಂತ ನಾನೇ ಪುಸ್ತಕ ಮುಚ್ಚಿಡುತ್ತಿದ್ದೆ.

ಅವತ್ತು ರಾತ್ರಿ ಮಾವನಿಗೆ ಆ ನೂರ ನಲವತ್ತಮೂರನೇ ಪುಟ ಓದಿ ಹೇಳಿದೆ. ನನ್ನ ಜಾಣತನ ತೋರಿಸೋಣ ಅಂತಲೇ. ಮಾವ ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಪೂರ್ತಿ ಕೇಳಿದರು. ಟವೆಲ್ ಬಗ್ಗೆ ಏನೂ ಹೇಳಲಿಲ್ಲ.

‘ಒಂದು ಮಹಜರಿಗೆ ನಾನೂ ಸಹಿ ಹಾಕಿದ್ದೀನಿ’ ಅಂದರು.

ನಲವತ್ತು ವರ್ಷಕ್ಕೂ ಹಿಂದಿನ ಮಾತು. ಕಾಫಿ ಕುಯ್ಲಿನ ಸಮಯ. ಕೂಲಿಯವರ ಲೈನ್‌ಮನೆಯಲ್ಲಿ ಒಂದು ಕೊಲೆ ಆಗಿತ್ತು. ಪಕ್ಕದ ಮನೆಯವನನ್ನು ಹಿಡಿದಿದ್ದರು. ಜೀಪು ಬಂತು. ಓದು ಬರಹ ಬರುವವರು ಬೇಕು ಅಂತ ಆಫೀಸಿನಿಂದ ಇವರನ್ನು ಕರೆದರು.

‘ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟರು. ಕತ್ತಿಯನ್ನ ಗೋಣಿಯಲ್ಲಿ ಸುತ್ತಿಟ್ಟಿದ್ದರು. ಗಿಡದ ಬುಡದಿಂದ ತೆಗೆದುಕೊಟ್ಟ ಅಂತ ಬರೆದಿತ್ತು.’

‘ತೆಗೆದಿದ್ದು ನೀವು ನೋಡಿದ್ರಾ ಮಾವ?’

‘ನಾನು ಹೋಗುವಾಗಲೇ ಗೋಣಿಯಲ್ಲಿತ್ತು.’

‘ಮತ್ತೆ ಓದದೆ ಸಹಿ ಹಾಕಿದ್ರಾ?’

ಅದಕ್ಕೆ ಮಾವನಿಗೆ ನಿಜವಾಗಿ ಬೇಜಾರಾಯಿತು. ‘ಓದದೆ ಸಹಿ ಹಾಕುವವನಾ ನಾನು? ಎರಡು ಸಲ ಓದಿದೆ. ಬ್ಲಾಕಿನ ಹೆಸರು ತಪ್ಪು ಬರೆದಿದ್ದರು. ನಾನೇ ಹೇಳಿ ಸರಿ ಮಾಡಿಸಿದೆ.’

ಟಾರ್ಚು ಆರಿಸಿ ಲೈಟು ಹಾಕಿದೆ. ಕರೆಂಟು ಬಂದಿದ್ದು ಮರೆತುಹೋಗಿತ್ತು. ಮಾವ ಕೈ ನೋಡಿಕೊಳ್ಳುತ್ತಾ ಕೂತಿದ್ದರು. ಬಲಗೈ ಹೆಬ್ಬೆರಳಿನ ಪಕ್ಕ, ಪೆನ್ನು ಹಿಡಿದು ಹಿಡಿದು ಗಟ್ಟಿಯಾದ ಒಂದು ಗಂಟು ಇದೆ ಅವರಿಗೆ. ಅದನ್ನು ಉಜ್ಜುತ್ತಾ ಇದ್ದರು.

ಕೋರ್ಟಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆಯಂತೆ, ಇದು ನಿಮ್ಮ ಸಹಿನಾ ಅಂತ. ಹೌದು ಅಂದರಂತೆ. ಅದು ಸುಳ್ಳಲ್ಲ ಅಲ್ವಾ? ಅವನಿಗೆ ಶಿಕ್ಷೆಯಾಯಿತು. ಚೆಕ್‌ರೋಲಿನಲ್ಲಿ, ಅಂದರೆ ಕೂಲಿಯವರ ಹಾಜರಿ ಪುಸ್ತಕದಲ್ಲಿ, ಅವನ ಹೆಸರಿನ ಮೇಲೆ ಗೆರೆ ಎಳೆದಿದ್ದೂ ಮಾವನೇ. ರೈಟರ್ ಕೆಲಸ ಅದು. ಅವನ ಹೆಂಡತಿ ಮಕ್ಕಳು ಆ ವರ್ಷದ ಕುಯ್ಲು ಮುಗಿಸಿ ಲೈನು ಖಾಲಿ ಮಾಡಿಕೊಂಡು ಹೋದರು.

‘ಅವನೇ ಮಾಡಿದ್ದಾ ಮಾವ?’

ತುಂಬಾ ಹೊತ್ತು ಬಿಟ್ಟು ಮಾವ ಹೇಳಿದರು. ‘ಮಾಡಿರಬಹುದು.’

ಕಾದಂಬರಿ ಮುಗಿಸಿದೆ. ಕೊನೆ ಹೇಳೋದಿಲ್ಲ. ಒಂದು ದೂರು ಮಾತ್ರ ಹೇಳುತ್ತೇನೆ. ಆ ಟವೆಲ್ ಯಾಕೆ ಒಣಗಿತ್ತು ಅಂತ ಕೊನೆಯವರೆಗೂ ಯಾರೂ ಕೇಳಲಿಲ್ಲ. ಬರೆದವರು ಬೇಕಂತಲೇ ಬಿಟ್ಟರೋ, ಅವರ ಮನೆಯಲ್ಲಿ ಜುಲೈಯಲ್ಲೂ ಬಟ್ಟೆ ಒಣಗುತ್ತೋ, ಆ ದೇವರೇ ಬಲ್ಲ. ಮಿಕ್ಕಂತೆ ಒಳ್ಳೆಯ ಪುಸ್ತಕ. ಡಿಕ್ಕಿಯ ಬೀಗದ ಅಧ್ಯಾಯವನ್ನು ರಾತ್ರಿ ಒಬ್ಬರೇ ಇದ್ದಾಗ ಓದಬೇಡಿ.

ಮಾರನೇ ದಿನ ಕಕ್ಕಡ ಹದಿನೆಂಟು, ಮದ್ದು ಸೊಪ್ಪು ಅನ್ನೋ ಔಷಧಿ ಸೊಪ್ಪು ತಿನ್ನುವ ದಿನ. ಅದರ ನೇರಳೆ ಪಾಯಸ ಮಾಡಿದ್ದೆ. ಮಾವ ನೇರಳೆ ಬಣ್ಣದ ತುಟಿ ಒರೆಸಿಕೊಂಡು, ಆ ಪುಸ್ತಕ ಎಲ್ಲಿಟ್ಟಿದ್ದೀಯಮ್ಮ ಅಂತ ಕೇಳಿದರು. ತರುತ್ತೀನಿ ಅಂತ ಒಳಗೆ ಹೋದೆ. ಮಗಳ ಕಂಪಾಸ್ ಬಾಕ್ಸಿನಿಂದ ರಬ್ಬರ್ ತೆಗೆದು ಹನ್ನೆರಡನೇ ಪುಟದ ‘ಇವನೇ’ ಅಳಿಸಿದೆ. ಗೆರೆಯನ್ನೂ ಅಳಿಸಿದೆ. ಒತ್ತಿ ಬರೆದಿದ್ದರಿಂದ ಗುರುತು ಪೂರ್ತಿ ಹೋಗಲಿಲ್ಲ.

ಪುಸ್ತಕ ವಾಪಸ್ ಕೊಡುವ ದಿನ ದಾಟಿ ಒಂಬತ್ತು ದಿನ ಆಗಿದೆ. ಮಾವ ಭೂತಗನ್ನಡಿ ಹಿಡಿದು ದಿನಕ್ಕೆ ಹತ್ತು ಪುಟ ಓದುತ್ತಿದ್ದಾರೆ. ಶುರು ಮಾಡಿದ ದಿನವೇ ಕರೆದು, ‘ಇಲ್ಲಿ ಏನೋ ಬರೆದು ಅಳಿಸಿದ ಹಾಗಿದೆಯಲ್ಲ?’ ಅಂದರು.

‘ಏನೂ ಇಲ್ಲ ಮಾವ, ಯಾರೋ ಮಕ್ಕಳು ಗೀಚಿರಬೇಕು’ ಅಂದೆ.