ರಟ್ಟು ಮಡಚಿದಂಥ ಹಡಗು

ನಿನ್ನೆ ರಾತ್ರಿ ಸುಮ್ನೆ ‘ಚಾಂಟ್’ ಹಡಗುಗಳ ಫೋಟೋ ನೋಡುತ್ತಾ ಕೂತಿದ್ದೆ. 1944ರಲ್ಲಿ ಬ್ರಿಟನ್ ಕಟ್ಟಿದ ಪುಟ್ಟ ತೈಲ ಹಡಗುಗಳಿವು. ಬ್ರಿಟನ್‌ಗೂ ಫ್ರಾನ್ಸಿಗೂ ನಡುವಿನ ಕಡಲು ಇಂಗ್ಲಿಷ್ ಚಾನೆಲ್; ಚಾನೆಲ್ ಟ್ಯಾಂಕರ್ ಅನ್ನೋದೇ ಮೊಟಕಾಗಿ ಚಾಂಟ್. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಇಳಿದ ಸೈನ್ಯಕ್ಕೆ ಇಂಧನ ಮುಟ್ಟಿಸುವುದು ಇವುಗಳ ಕೆಲಸ.

ಹಡಗು ಅಂದರೆ ಮೈಯೆಲ್ಲ ಬಳುಕು, ಅಲ್ವಾ? ಇದರಲ್ಲಿ ಅದೇ ಇಲ್ಲ. ಮೂತಿಯ ಹತ್ತಿರ ನೋಡಿದರೆ ರಟ್ಟು ಮಡಚಿ ಅಂಟಿಸಿದ ಹಾಗೆ, ಬರೀ ಚಪ್ಪಟೆ ತಗಡು, ಚೂಪು ಅಂಚು. ಬಾಗಿದ ತಗಡು ಬೇಡ ಅಂದಮೇಲೆ ಹಡಗಿನ ಕಸುಬು ಗೊತ್ತಿಲ್ಲದ ಕಾರ್ಖಾನೆಗಳೂ ತುಂಡು ತುಂಡಾಗಿ ಮಾಡಿ ಕಳಿಸಬಹುದಿತ್ತು. ನೀರಿನ ಪಕ್ಕ ತಂದು ವೆಲ್ಡಿಂಗ್ ಮಾಡಿ ಸೇರಿಸಿದರು. ಹೆಸರೂ ಇಲ್ಲ, ಬರೀ ನಂಬರ್: ಚಾಂಟ್ 1, ಚಾಂಟ್ 2...

ಕಾಲ ಕೆಳಗೆ ತುಂಬಿದ ಇಂಧನ, ಸುತ್ತ ಯುದ್ಧ. ಅದರ ಮೇಲೆ ನಿಂತು ಕಡಲು ದಾಟಿದವರನ್ನು ನೆನೆದರೆ ಎದೆ ಝಲ್ ಅನ್ನುತ್ತದೆ.