“ನಮ್ಮ ಮನೆಯವರಿಗೆ ಗಾಯ ಬೇಗ ಮಾಯೋದಿಲ್ಲಮ್ಮ”

ಬೆಂಗಳೂರಿನ ಒಂದು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನಾನು ನರ್ಸ್. ಮಂಡಿ ಬದಲಾಯಿಸಿಕೊಳ್ಳಲು ಬಂದವರನ್ನು ಕೂರಿಸಿಕೊಂಡು ಫಾರಂ ತುಂಬುತ್ತೇನೆ. ಶುಗರ್ ಇದೆಯಾ, ಬೀಡಿ ಸಿಗರೇಟು ಸೇದ್ತೀರಾ, ಹಲ್ಲು ಹುಳುಕಾಗಿದೆಯಾ, ಸ್ಟಿರಾಯ್ಡ್ ಮಾತ್ರೆ ನುಂಗ್ತೀರಾ.

ಚಾಮರಾಜಪೇಟೆಯ ಅಜ್ಜಿಯೊಬ್ಬರು ಎಲ್ಲದಕ್ಕೂ ಇಲ್ಲ ಅಂದರು. ಏಳುವಾಗ ಮಾತ್ರ, “ನಮ್ಮ ಮನೆಯವರಿಗೆ ಗಾಯ ಬೇಗ ಮಾಯೋದಿಲ್ಲಮ್ಮ. ನಮ್ಮಕ್ಕನ ಮಂಡೀನೂ ಕೀವಾಗಿ ಮತ್ತೆ ಕುಯ್ದಿದ್ರು” ಅಂದರು. “ಹಾಗೇನೂ ಆಗಲ್ಲ ಬಿಡಿ” ಅಂತ ನಕ್ಕೆ. ಹೊರಗೆ ಆರು ಜನ ಕಾಯುತ್ತಿದ್ದರು. ಅಕ್ಕನ ಮಂಡಿಗೆ ಫಾರಂನಲ್ಲಿ ಜಾಗವೂ ಇರಲಿಲ್ಲ.

ಆಪರೇಷನ್ ಆದ 12ನೇ ದಿನ ಹೊಲಿಗೆ ತೆಗೆಸಲು ಬಂದರು. ಪಟ್ಟಿ ಎತ್ತಿದರೆ ರೂಪಾಯಿ ಅಗಲದ ಹಳದಿ ಕಲೆ. ಕೆಳಗೆ ಮನೆಯಿಂದಲೇ ತುರುಕಿದ್ದ ಹತ್ತಿ, ಒದ್ದೆ. “ಮೂರು ದಿನದಿಂದ ಒಸರ್ತಿದೆ. ನಿಮಗ್ಯಾಕೆ ತೊಂದ್ರೆ ಅಂತ ಸುಮ್ನಿದ್ದೆ.” ಮತ್ತೆ ತೆರೆದು ತೊಳೆದು, ಹೊಸ ಮಂಡಿಯ ಲೋಹದ ಭಾಗಗಳ ಮಧ್ಯದ ಪ್ಲಾಸ್ಟಿಕ್ ತುಂಡು ಬದಲಿಸಿ, ವಾರಗಟ್ಟಲೆ ಆಂಟಿಬಯಾಟಿಕ್ ಕೊಟ್ಟರು. ಲೋಹ ಉಳಿಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು. ಲೋಹಕ್ಕೆ ರಕ್ತ ಹರಿಯುವುದಿಲ್ಲ. ಬ್ಯಾಕ್ಟೀರಿಯಾ ಅದಕ್ಕೆ ತೊಟ್ಟಿಗೆ ಪಾಚಿ ಹಿಡಿದ ಹಾಗೆ ಅಂಟಿಕೊಂಡರೆ ಔಷಧಿ ಒಳಗಿಳಿಯುವುದು ಕಷ್ಟ.

ಅಕ್ಕನ ವಿಷಯ ನಮ್ಮ ಸರ್ಜನ್‌ಗೆ ಹೇಳಿದೆ. ಬೈಯಲಿಲ್ಲ, ಕೂರಿಸಿ ವಿವರಿಸಿದರು. ಈ ಆಪರೇಷನ್ ಆದ 100 ಜನರಲ್ಲಿ ಒಬ್ಬಿಬ್ಬರಿಗೆ ಸೋಂಕಾಗುತ್ತದೆ. ಯಾರಿಗೆ ಅನ್ನುವುದರಲ್ಲಿ ಹುಟ್ಟುಗುಣದ ಪಾಲೂ ಇರಬಹುದು. ನಮ್ಮ ಲಿವರ್ ಮ್ಯಾನೋಸ್ ಬೈಂಡಿಂಗ್ ಲೆಕ್ಟಿನ್ ಅನ್ನೋ ಪ್ರೋಟೀನ್ ಮಾಡುತ್ತದೆ. ಅದು ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಯನ್ನು ಹಿಡಿದು, ರೋಗನಿರೋಧಕ ಪಡೆಗೆ ‘ಇವನೇ ಕಳ್ಳ’ ಅಂತ ತೋರಿಸುತ್ತದೆ. ಅದನ್ನು ಮಾಡಿಸುವ ಎಂಬಿಎಲ್2 ಜೀನ್‌ನಲ್ಲಿ ಕೆಲವು ಸಣ್ಣ ವ್ಯತ್ಯಾಸಗಳಿದ್ದರೆ ಆ ಪ್ರೋಟೀನ್ ಕಡಿಮೆಯಾಗುತ್ತದೆ. ಆದರೆ ಅಧ್ಯಯನಗಳು ಚಿಕ್ಕವು, ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದೇ ಮನೆಯವರು ಶುಗರ್, ತೂಕವನ್ನೂ ಹಂಚಿಕೊಂಡಿರುತ್ತಾರಲ್ವಾ?

ಹಾಗಾಗಿ ಯಾರಾದರೂ “ಜೀನ್ ಟೆಸ್ಟ್ ಮಾಡಿಸಲಾ ಸಿಸ್ಟರ್?” ಅಂದರೆ ಆ ದುಡ್ಡು ಉಳಿಸಿ, ಮೂರು ತಿಂಗಳ ಶುಗರ್ ತೋರಿಸುವ ಎಚ್‌ಬಿಎ1ಸಿ ನೋಡಿಸಿ ಅನ್ನುತ್ತೇನೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ ಅಂತ ಮಾತ್ರ ಕೇಳದೆ ಬಿಡುವುದಿಲ್ಲ. ಹೌದು ಅಂದವರಿಗೆ 5ನೇ ದಿನಕ್ಕೇ ಫೋನ್ ಮಾಡಿ, ಪಟ್ಟಿ ಒದ್ದೆಯಾಗಿದೆಯಾ ಅಂತ ವಿಚಾರಿಸುತ್ತೇನೆ.

ಹೋದ ತಿಂಗಳು ಅಜ್ಜಿ ಕೋಲಿಲ್ಲದೆ ಬಂದರು. ಜೊತೆಗಿದ್ದ ಮಗಳಿಗೂ ಮಂಡಿ ನೋವು ಶುರುವಾಗಿದೆಯಂತೆ. ಅವರ ಫಾರಂನ ಅಂಚಿನಲ್ಲಿ ಪೆನ್ನಿನಿಂದ ಬರೆದೆ: ತಾಯಿ, ದೊಡ್ಡಮ್ಮ, ಇಬ್ಬರಿಗೂ ಕೀವು.